ಮನೆ ಮುಂದಿನ ಏಸ್, ಅಣ್ಣನ ಮನಸ್ಸಿನ ಕಾರು

ನಮ್ಮ ಮನೆ ಮುಂದೆ ನಿಂತಿರುವ ಟಾಟಾ ಏಸ್ 2012ರದು. ಎಡಬದಿಯ ಬಾಗಿಲು ಹೊರಗಿನಿಂದ ತೆಗೆಯಲು ಬರುವುದಿಲ್ಲ. ಕಿಟಕಿಯೊಳಗೆ ಕೈ ಹಾಕಬೇಕು. ಅಪ್ಪ ಇದರಲ್ಲೇ ಕೋಲಾರ ಎಪಿಎಂಸಿಗೆ ಟೊಮೆಟೊ ಸಾಗಿಸುತ್ತಾರೆ. 15 ಕೆ.ಜಿ.ಯ 50 ಬಾಕ್ಸ್ ಹೇರಿದರೆ ಕಂಪನಿ ಹೇಳಿದ 750 ಕೆ.ಜಿ. ಭರ್ತಿ. ಸೀಸನ್‌ನಲ್ಲಿ ಎಷ್ಟು ಹೇರುತ್ತಾರೆಂದು ಮಾತ್ರ ಕೇಳಬೇಡಿ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಆವತ್ತಿನಿಂದ ಅಣ್ಣನದು ಒಂದೇ ಹಟ: ಏಸ್ ಮಾರಿ ಪುಟ್ಟ ಕಾರು ತರೋಣ. ಮಳೆಯಲ್ಲಿ ಅಮ್ಮನನ್ನು ಬೈಕ್ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವುದು ಎಷ್ಟು ದಿನ ಎನ್ನುತ್ತಾನೆ. ಅದನ್ನು ತಳ್ಳಿಹಾಕಲು ನನಗೂ ಆಗುವುದಿಲ್ಲ. ರತನ್ ಟಾಟಾ ಅವರಿಗೆ ನ್ಯಾನೊ ಹೊಳೆದದ್ದೂ ಸ್ಕೂಟರ್ ಮೇಲೆ ಇಡೀ ಸಂಸಾರ ಹೋಗುವುದನ್ನು ನೋಡಿಯೇ.

ಆದರೆ ಆ ನ್ಯಾನೊ ಮತ್ತು ಈ ಏಸ್ ಕಥೆಯನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಕಂಪನಿ. ಎರಡೂ ಯೋಜನೆಗಳ ಹೊಣೆ ಹೊತ್ತವರು ಒಬ್ಬರೇ ಎಂಜಿನಿಯರ್, ಗಿರೀಶ್ ವಾಘ್. ಎರಡಕ್ಕೂ ಎರಡೇ ಸಿಲಿಂಡರ್. 2005ರಲ್ಲಿ ಬಂದ ಏಸ್‌ನ ಬೆಲೆ ಎರಡು ಲಕ್ಷ ರೂಪಾಯಿ ದಾಟಿತ್ತು, 702 ಸಿಸಿ ಡೀಸೆಲ್ ಎಂಜಿನ್‌ನ ಶಕ್ತಿ ಬರೀ 16 ಎಚ್‌ಪಿ. 2009ರ ನ್ಯಾನೊಗೆ ಅದರ ಎರಡು ಪಟ್ಟು ಶಕ್ತಿ, ಆರಂಭಿಕ ಬೆಲೆ ಮಾತ್ರ ಒಂದು ಲಕ್ಷದ ಆಸುಪಾಸು. ಆದರೂ ಏಸ್ 20 ಲಕ್ಷ ದಾಟಿತು. ನ್ಯಾನೊ ಸುಮಾರು 3 ಲಕ್ಷಕ್ಕೆ ನಿಂತಿತು. 2018ರ ಜೂನ್‌ನಲ್ಲಿ ತಯಾರಾದದ್ದು ಒಂದೇ ಒಂದು ಕಾರು.

'ಅತಿ ಅಗ್ಗದ ಕಾರು' ಎಂಬ ಹಣೆಪಟ್ಟಿಯೇ ಮುಳುವಾಯಿತು ಎಂದು ರತನ್ ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. ನನಗೆ ಕಾಣುವ ಕಾರಣ ಇನ್ನೊಂದಿದೆ. ನ್ಯಾನೊದ ಕಂತನ್ನು ಸಂಬಳದಿಂದ ಕಟ್ಟಬೇಕಿತ್ತು, ಏಸ್‌ನ ಕಂತನ್ನು ಏಸೇ ದುಡಿದು ಕಟ್ಟುತ್ತಿತ್ತು. ನಮ್ಮ ಗಾಡಿಯ ಸಾಲ ತೀರಿದ್ದೂ ನನ್ನ ಕಾಲೇಜು ಫೀಸು ಹೊರಟಿದ್ದೂ ಅದರ ಬಾಡಿಗೆಯಿಂದಲೇ. ಅಣ್ಣನಿಗೂ ನನಗೂ ಸಂಬಳ ಇನ್ನೂ ಶುರುವಾಗಿಲ್ಲ.

ಹಾಗಂತ ಹಳೇ ಗಾಡಿ ಸುಖದ ಸೊತ್ತೇನಲ್ಲ. ಎಂಟು ವರ್ಷ ದಾಟಿದ ಹಳದಿ ಬೋರ್ಡ್‌ಗೆ ವರ್ಷ ವರ್ಷ ಎಫ್‌ಸಿ ಮಾಡಿಸಬೇಕು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು, ಬಾಡಿಗೆ ಹೆಚ್ಚಲಿಲ್ಲ. ಟೊಮೆಟೊ ದರ ಬಿದ್ದ ವಾರ ಗಾಡಿ ಮನೆ ಮುಂದೆಯೇ. ಹೊಗೆಯ ಬಗ್ಗೆ ಅಪ್ಪನ ಹತ್ತಿರ ಮಾತೆತ್ತುವಂತಿಲ್ಲ.

ಕಾರಿನ ಗದ್ದಲದಲ್ಲಿ ಎರಡು ಸುದ್ದಿ ನಮ್ಮ ಕ್ಲಾಸಿನಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಅದೇ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿಯೂ 28ರಿಂದ 18ಕ್ಕೆ ಇಳಿದಿದೆ. ಮತ್ತೆ, 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನ ಓಡಿಸಲು ಎಲ್‌ಎಂವಿ ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ಅಂದರೆ ಕಾರು ಕಲಿಯಲೆಂದು ನಾನು ಮಾಡಿಸಿಕೊಂಡ ಲೈಸೆನ್ಸ್ ಏಸ್‌ಗೂ ನಡೆಯುತ್ತದೆ.

ಅಣ್ಣ ಶೋರೂಂನಿಂದ ತಂದ ಕಾರಿನ ಕರಪತ್ರ ಇನ್ನೂ ಟಿವಿ ಮೇಲಿದೆ. ಮುಂದಿನ ತಿಂಗಳು ಏಸ್‌ನ ಎಫ್‌ಸಿ. ಪರೀಕ್ಷೆ ಮುಗಿದ ಮೇಲೆ ಆರ್‌ಟಿಒಗೆ ನಾನೇ ಓಡಿಸಿಕೊಂಡು ಹೋಗುತ್ತೇನೆಂದು ಅಪ್ಪನಿಗೆ ಹೇಳಿದ್ದೇನೆ. 'ಮೊದಲು ಆ ಬಾಗಿಲು ಸರಿ ಮಾಡಿಸು' ಎಂದರು.