ಗೃಹಕೃತ್ಯ: ದೀಪದ ಲೆಕ್ಕ

ಕಾಳುಕಡಿಯ ಲೆಕ್ಕವನ್ನೂ ಹಾಲಿನವನ ಲೆಕ್ಕವನ್ನೂ ನಮ್ಮ ಗೃಹಿಣಿಯರು ತಪ್ಪದೆ ಇಡುತ್ತಾರೆ. ಆದರೆ ದೀಪದ ಬಿಲ್ಲು ಕೈಗೆ ಬಂದಾಗ ಮಾತ್ರ ಅದನ್ನು ದೈವವಾಣಿಯೆಂದು ತಲೆಬಾಗಿ ಸ್ವೀಕರಿಸುವದು, ಇಲ್ಲವೆ ಬಿಲ್ಲು ತಂದ ಬಡಪಾಯಿಯನ್ನು ಬಯ್ಯುವದು, ಇವೆರಡೇ ರೂಢಿಯಾಗಿವೆ. ಎರಡರಿಂದಲೂ ಒಂದು ಪೈಸೆಯೂ ಉಳಿಯಲಾರದು. ಆದಕಾರಣ ಈ ಸಲ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳ ಗೃಹಸ್ಥರನ್ನು ಮುಂದಿಟ್ಟುಕೊಂಡು ಮೀಟರಿನ ವಿಚಾರವನ್ನೇ ಬರೆಯುವೆವು.

ಈ ಊರುಗಳು ರಾಯಚೂರು ಜಿಲ್ಲೆಯವು. 1948ರ ವರೆಗೆ ನಿಜಾಮನ ಆಳಿಕೆಯಲ್ಲಿದ್ದ ಈ ಸೀಮೆಯಲ್ಲಿಯೇ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲಿನ ವಿದ್ಯುದಾಗಾರವು ಬೆಳೆಯುತ್ತ ಬಂದು 1720 ಮೆಗಾವ್ಯಾಟಿನದಾಯಿತು. ನಾಡಿಗೆಲ್ಲ ಬೆಳಕು ಕೊಡುವ ಜಿಲ್ಲೆಯವರಿಗೆ ತಮ್ಮ ಮನೆಯ ಬೆಳಕಿನ ಲೆಕ್ಕ ತಿಳಿಯದಿರುವದು ಸರಿಯಲ್ಲವಷ್ಟೆ. ಮನೆಮನೆಗೆ ವಿದ್ಯುತ್ತನ್ನು ಹಂಚುವ ಕೆಲಸವು 2002ರಿಂದ ಕಲಬುರಗಿಯಲ್ಲಿ ಮುಖ್ಯ ಕಚೇರಿಯುಳ್ಳ ಜೆಸ್ಕಾಂ ಕಂಪನಿಯದು.

ಮೊದಲು ಯೂನಿಟೆಂದರೇನೆಂಬದನ್ನು ತಿಳಿಯೋಣ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯು ಒಂದು ತಾಸು ಉರಿದರೆ ಒಂದು ಯೂನಿಟು. ಬಿಲ್ಲಿನಲ್ಲಿ ಹಿಂದಿನ ಅಂಕಿ, ಈಗಿನ ಅಂಕಿ ಎಂದು ಎರಡಿರುತ್ತವೆ. ಇದರಲ್ಲಿ ಅದನ್ನು ಕಳೆದರೆ ಉಳಿಯುವದೇ ಖರ್ಚು. ಮೀಟರಿನ ಗಾಜಿನಲ್ಲಿ ವೋಲ್ಟೇಜು, ತಾರೀಖು, ಕಿಲೋವ್ಯಾಟು ಮುಂತಾದವು ಒಂದಾದ ಮೇಲೊಂದು ಸುತ್ತುತ್ತಿರುವದರಿಂದ, ಕಿಲೋವ್ಯಾಟ್ ಅವರ್ ಎಂಬ ಗುರುತು ಬರುವ ವರೆಗೆ ತಾಳಿಕೊಂಡಿರಬೇಕು. ಬಿಂದುವಿನ ಬಲಕ್ಕಿರುವ ಅಂಕಿಯನ್ನು ಯೂನಿಟೆಂದು ಓದಿ ಗಾಬರಿಗೊಳ್ಳುವವರೂ ಉಂಟು.

ಮಸ್ಕಿಯ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗಲೂ, ಎರಡು ಸಾವಿರ ವರ್ಷಗಳು ಕಳೆದಿದ್ದರೂ, ಅದರಲ್ಲಿ ಅರಸನ ಹೆಸರನ್ನು ಓದಲು ಬರುವಂತಿತ್ತು. ಇಂದಿನ ಬಿಲ್ಲಿನ ಕಾಗದವಾದರೋ ಕಾವಿನಿಂದ ಅಕ್ಷರ ಮೂಡಿಸುವ ಜಾತಿಯದು; ನಮ್ಮ ಕಡೆಯ ಬಿಸಿಲಿಗೆ ಬಲು ಬೇಗ ಮಾಸಿ ಬರಿಯ ಚೀಟಿಯಾಗುತ್ತದೆ. ಆದುದರಿಂದ ಬಿಲ್ಲು ಬಂದ ದಿನವೇ ತಾರೀಖು, ಎರಡೂ ಅಂಕಿಗಳು, ಹಣ ಕಟ್ಟಿದ ರಸೀದಿಯ ಸಂಖ್ಯೆ ಇವನ್ನು ಒಂದು ವಹಿಯಲ್ಲಿ ಬರೆದಿಡತಕ್ಕದ್ದು. ವಹಿಯ ಮೊದಲ ಪುಟದಲ್ಲಿ ಆರ್.ಆರ್. ಸಂಖ್ಯೆ ಇರಲಿ, ಕಚೇರಿಯಲ್ಲಿ ಯಜಮಾನನ ಹೆಸರಿಗಿಂತ ಆ ಸಂಖ್ಯೆಗೇ ಮಾನ ಹೆಚ್ಚು.

ಈ ಬರವಣಿಗೆಯ ಪ್ರಯೋಜನವು ಗೃಹಜ್ಯೋತಿ ಯೋಜನೆಯಿಂದ ಹೆಚ್ಚಿದೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಉದ್ಘಾಟಿತವಾದ ಈ ಯೋಜನೆಯನ್ನು 200 ಯೂನಿಟು ಪುಕ್ಕಟೆ ಎಂದು ಜನರು ಹೇಳುವರಾದರೂ ನಿಯಮವು ಅಷ್ಟು ಸರಳವಲ್ಲ. 2022-23ನೆಯ ಸಾಲಿನಲ್ಲಿ ಮನೆಯು ತಿಂಗಳಿಗೆ ಸರಾಸರಿ 80 ಯೂನಿಟು ಬಳಸಿದ್ದರೆ, ಶೇಕಡಾ ಹತ್ತನ್ನು ಕೂಡಿಸಿ 88 ಯೂನಿಟು ಉಚಿತ. ವೈಶಾಖದ ಬಿಸಿಲಿನಲ್ಲಿ 150 ವ್ಯಾಟಿನ ಕೂಲರು ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ 45 ಯೂನಿಟು ಮೇಲೇರುತ್ತದೆ. ಆ ಹೆಚ್ಚಿನದಕ್ಕೆ ಹಣ ಕೊಡಬೇಕು. ಖರ್ಚು 200ನ್ನು ದಾಟಿತೋ, ಉಚಿತವೆಂಬುದೇ ಇಲ್ಲ, ಪೂರ್ತಿ ಬಿಲ್ಲು. 2024-25ನೆಯ ಸಾಲಿನ ದರವಾದ 5 ರೂ. 90 ಪೈಸೆಯಂತೆ ನೋಡಿದರೆ, ಈ ಮನೆಯವರು 200 ಯೂನಿಟಿಗೆ ನಿಂತರೆ 112 ಯೂನಿಟಿನ 660 ರೂ. 80 ಪೈಸೆ, 201 ಆದರೆ 1185 ರೂ. 90 ಪೈಸೆ. ತೆರಿಗೆ, ನಿಗದಿತ ಶುಲ್ಕ ಬೇರೆ. ಒಂದೇ ಯೂನಿಟಿಗೆ ಐನೂರು ರೂಪಾಯಿಗೂ ಮಿಕ್ಕ ದಂಡ! ಕೂಲಿಯ ಹಣದಿಂದ ನಡೆಯುವ ಮನೆಯಲ್ಲಿ ಇದು ಹುಡುಗಾಟದ ಮಾತಲ್ಲ. ಬಾಗಿಲಿಗೆ ಬೀಗವಿದ್ದ ತಿಂಗಳು ಅಂದಾಜಿನ ಬಿಲ್ಲು ಬರೆದು, ಮುಂದಿನ ತಿಂಗಳು ನಿಜವಾದ ಅಂಕಿ ಬರೆದಾಗ, ಎರಡು ತಿಂಗಳ ಖರ್ಚನ್ನು ಒಂದೇ ತಿಂಗಳದೆಂದು ಹಿಡಿದಿದ್ದಾರೆಯೋ ಎಂದು ಅವಶ್ಯವಾಗಿ ನೋಡಬೇಕು. ವಹಿಯಿದ್ದವರಿಗೆ ಇದು ಒಂದು ನಿಮಿಷದ ಕೆಲಸ.

ಮೀಟರು ಓಡುತ್ತದೆಂಬ ಸಂಶಯವಿದ್ದರೆ ಮನೆಯಲ್ಲಿಯೇ ಪರೀಕ್ಷಿಸಬಹುದು. ಮೀಟರಿನ ಮುಂದಿನ ಮುಖ್ಯ ಗುಂಡಿಯನ್ನು ಆರಿಸಿದ ಮೇಲೆಯೂ ಕೆಂಪು ಚುಕ್ಕೆ ಮಿಣುಕುತ್ತಿದ್ದರೆ, ದೋಷವು ಮೀಟರಿನಲ್ಲಿ ಅಥವಾ ಅದಕ್ಕೂ ಗುಂಡಿಗೂ ನಡುವಿನ ತಂತಿಯಲ್ಲಿದೆ. ಗುಂಡಿ ಹಾಕಿ ಎಲ್ಲ ಉಪಕರಣಗಳನ್ನು ಆರಿಸಿದಾಗ ಮಿಣುಕಿದರೆ ಮನೆಯ ತಂತಿಯಲ್ಲಿ ಸೋರಿಕೆಯುಂಟು. ಮೀಟರಿನ ಮೇಲೆ ಯೂನಿಟಿಗೆ 3200 ಮಿಣುಕು ಎಂದು ಬರೆದಿದ್ದರೆ, ಸಾವಿರ ವ್ಯಾಟಿನ ನೀರು ಕಾಸುವ ಸರಳನ್ನು ಮಾತ್ರ ಹಚ್ಚಿದಾಗ ನಿಮಿಷಕ್ಕೆ 53 ಮಿಣುಕುಗಳ ಸುಮಾರು ಬರಬೇಕು. ವೋಲ್ಟೇಜು ಇಳಿದಿದ್ದರೆ ಕಡಿಮೆ, ಏರಿದ್ದರೆ ತುಸು ಹೆಚ್ಚು. ಎಪ್ಪತ್ತು ಎಂಬತ್ತು ಬಂದರೆ ಅರ್ಜಿ ಕೊಡಲು ಕಾರಣವಾಯಿತು. ಮೀಟರಿನ ಮುದ್ರೆಯನ್ನು ಮಾತ್ರ ಯಾರೂ ಮುಟ್ಟಕೂಡದು. ಮುದ್ರೆ ಒಡೆದಿದ್ದರೆ ಕಳವಿನ ಆರೋಪವು ಮನೆಯವರ ಮೇಲೆಯೇ ಬರುತ್ತದೆ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಯಾಕಂದರೆ ಇದರಿಂದ ಒಡಹುಟ್ಟಿದವರಲ್ಲಿ ಮಾತು ನಿಲ್ಲುವ ಸಂಭವವುಂಟು. ಹಿರಿಯರ ಮನೆಯು ಪಾಲಾಗಿ, ನಡುವೆ ಗೋಡೆಯೆದ್ದು, ಅಣ್ಣನಿಗೊಂದು ತಮ್ಮನಿಗೊಂದು ಮೀಟರು ಬರುತ್ತದೆ. ಆದರೆ ಗೋಡೆಯೊಳಗಿನ ಹಳೆಯ ತಂತಿ ಪಾಲಾಗಿರುವದಿಲ್ಲ. ವಿದ್ಯುತ್ತು ಮರಳಿ ಹೋಗುವ ನ್ಯೂಟ್ರಲ್ ತಂತಿಯು ಎರಡೂ ಮನೆಗಳದು ಒಂದಕ್ಕೊಂದು ಕೂಡಿಯೇ ಇರುತ್ತದೆ. ಈಗಿನ ಅನೇಕ ಮೀಟರುಗಳು ಕಳವನ್ನು ಹಿಡಿಯುವದಕ್ಕಾಗಿ, ಒಳಗೆ ಬರುವ ತಂತಿ ಮತ್ತು ಮರಳುವ ತಂತಿ ಇವೆರಡರಲ್ಲಿ ಯಾವುದರ ಪ್ರವಾಹವು ಹೆಚ್ಚೋ ಅದನ್ನೇ ಎಣಿಸುತ್ತವೆ. ಅಣ್ಣನ ಮನೆಯಲ್ಲಿ 5 ಆಂಪಿಯರು, ತಮ್ಮನಲ್ಲಿ 1 ಆಂಪಿಯರು ನಡೆದಿದೆಯೆನ್ನಿ. ಮರಳುವ 6 ಆಂಪಿಯರು ಕೂಡಿದ ತಂತಿಗಳಲ್ಲಿ ಮೂರು ಮೂರಾಗಿ ಹರಿದರೆ, ಅಣ್ಣನ ಮೀಟರು 5ನ್ನೇ ಎಣಿಸುತ್ತದೆ, ತಮ್ಮನದು 1ರ ಬದಲು 3ನ್ನು ಎಣಿಸುತ್ತದೆ. ತಮ್ಮನಿಗೆ ಹಾನಿ, ಅಣ್ಣನಿಗೆ ಲಾಭವೂ ಇಲ್ಲ. ಆದರೂ ಅಣ್ಣನೇ ಕದ್ದನೆಂದು ಊರೆಲ್ಲ ಮಾತು. ಎರಡೂ ಮನೆಯವರು ಕೂಡಿ ಲೈಸೆನ್ಸುಳ್ಳ ಕೆಲಸಗಾರನನ್ನು ಕರೆಯಿಸಿ ನ್ಯೂಟ್ರಲ್ಲುಗಳನ್ನು ಬೇರೆಮಾಡಿಸಿದರೆ ತೀರಿತು. ಪಂಚರನ್ನು ಕೂಡಿಸುವ ಮೊದಲು ಇದನ್ನು ಮಾಡಿಸಿರಿ.

ದೋಷವು ಮೀಟರಿನದೋ ಬಿಲ್ಲಿನದೋ ಎಂದು ತೋರಿದರೆ ಬಾಯಿಮಾತು ಸಾಲದು. ವಹಿಯ ಅಂಕಿಗಳನ್ನು ಬರೆದು, ಮೀಟರಿನ ಪರೀಕ್ಷೆಯನ್ನು ಬೇಡಿ, ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಒತ್ತಿಸಿಕೊಳ್ಳಬೇಕು. 1912 ಎಂಬ ಸಂಖ್ಯೆಗೆ ಫೋನು ಮಾಡಿದರೆ ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿರಿ. ಅಲ್ಲಿ ನ್ಯಾಯ ದೊರೆಯದಿದ್ದರೆ, 2003ರ ವಿದ್ಯುಚ್ಛಕ್ತಿ ಅಧಿನಿಯಮದ 42ನೆಯ ಕಲಮಿನಂತೆ ಗ್ರಾಹಕರ ಕುಂದುಕೊರತೆಗಳ ವೇದಿಕೆಯೂ, ಅದರ ಮೇಲೆ ಓಂಬುಡ್ಸ್‌ಮನ್ನರೂ ಇದ್ದಾರೆ.

ತಂತಿ ಕತ್ತರಿಸುವ ಭಯದಿಂದಲೇ ಎಷ್ಟೋ ಜನರು, ಮುಖ್ಯವಾಗಿ ಒಂಟಿ ಹೆಂಗಸರು, ಸಾಲ ತಂದು ತಪ್ಪು ಬಿಲ್ಲನ್ನೂ ಕಟ್ಟುತ್ತಾರೆ. ಅದೇ ಅಧಿನಿಯಮದ 56ನೆಯ ಕಲಮನ್ನು ಅವರಿಗೆ ಯಾರಾದರೂ ಓದಿ ಹೇಳಬೇಕು. ಹದಿನೈದು ಪೂರ್ಣ ದಿನಗಳ ಬರಹದ ನೋಟೀಸು ಇಲ್ಲದೆ ತಂತಿ ಕತ್ತರಿಸುವಂತಿಲ್ಲ. ಬಿಲ್ಲಿನ ಹಣವಾಗಲಿ, ಹಿಂದಿನ ಆರು ತಿಂಗಳ ಸರಾಸರಿಯ ಪ್ರಕಾರದ ಹಣವಾಗಲಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಡನೆ ಕಟ್ಟಿದರೆ, ತಂಟೆ ತೀರುವ ವರೆಗೆ ದೀಪ ಆರದು. ಹಳೆಯ ಬಾಕಿಯನ್ನು ಎರಡು ವರ್ಷ ಬಿಲ್ಲಿನಲ್ಲಿ ತೋರಿಸುತ್ತ ಬಂದಿರದಿದ್ದರೆ ಅದರ ವಸೂಲಿಗೂ ತಡೆಯುಂಟು. ಆದರೆ ಲೆಕ್ಕದ ತಪ್ಪಿನಿಂದ ಮೊದಲು ಬಿಟ್ಟುಹೋದ ಹಣವನ್ನು ತಡವಾಗಿ ಕೇಳಬಹುದೆಂದೂ, ಅದಕ್ಕಾಗಿ ತಂತಿ ಕತ್ತರಿಸಲಾಗದೆಂದೂ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ.

ಸುಗ್ಗಿ ಮುಗಿದ ಮೇಲೆ ದುಡಿಮೆಗಾಗಿ ಬೆಂಗಳೂರಿಗೆ ಹೋಗುವವರು ಈ ಕಡೆ ಬಹಳ. ಹೊರಡುವ ಮುನ್ನ ಮುಖ್ಯ ಗುಂಡಿಯನ್ನು ಆರಿಸಿ, ಅಂಕಿಯನ್ನು ಬರೆದಿಡಲಿ. ಮೀಟರು ಹೊರಗೋಡೆಗಿದ್ದರೆ ಬೀಗದ ತೊಡಕಿಲ್ಲ. ಬಾಡಿಗೆದಾರರು ಮನೆ ಬದಲಿಸುವಾಗ ಹಳೆಯ ಆರ್.ಆರ್. ಸಂಖ್ಯೆಯಿಂದ ತಮ್ಮ ಆಧಾರನ್ನು ಬಿಡಿಸಿ ಹೊಸದಕ್ಕೆ ಜೋಡಿಸಿಕೊಳ್ಳಬೇಕು. ಇಲ್ಲವಾದರೆ ಹೊಸ ಮನೆಯಲ್ಲಿ ಉಚಿತದ ಅನುಕೂಲ ಸಿಕ್ಕದು. ಕೀಲಿಕೈ ಒಪ್ಪಿಸುವ ದಿನ ಮನೆಯೊಡೆಯನೂ ಬಾಡಿಗೆದಾರನೂ ಮೀಟರಿನ ಮುಂದೆ ನಿಂತು ಅಂಕಿಯನ್ನು ಓದಿ, ಒಂದೇ ಕಾಗದದ ಮೇಲೆ ಇಬ್ಬರೂ ರುಜು ಹಾಕುವದು.