ಎಂಗ್ಲುಂಡ್ ಗ್ಯಾಂಬಿಟ್ಟಿನ ಆಮಿಷ

ಬಿಳಿಯ ಕಾಲಾಳು ಡಿ4ಕ್ಕೆ ಬಂದೊಡನೆ ಇ5ರಲ್ಲಿ ತನ್ನ ಕಾಲಾಳನ್ನೇ ಬಲಿಯೊಡ್ಡುವ ಎಂಗ್ಲುಂಡ್ ಗ್ಯಾಂಬಿಟ್, ಗೂಡಲೂರಿನಿಂದ ಪಂದ್ಯಾವಳಿಗೆ ಹೊರಡುವ ಎಳೆಯರನ್ನು ಸೆಳೆಯದಿರದು. ಬಿಳಿ ಅದನ್ನು ಹೊಡೆದ ಬಳಿಕ ಕುದುರೆ ಸಿ6, ಕುದುರೆ ಎಫ್3. ರಾಣಿ ಇ7, ಒಂಟೆ ಎಫ್4. ರಾಣಿ ಬಿ4, ಒಂಟೆ ಡಿ2. ರಾಣಿ ಬಿ2ರ ಕಾಲಾಳನ್ನು ಹೊಡೆಯುತ್ತದೆ. ಇಲ್ಲಿ ಗಾಬರಿಯಿಂದ ಒಂಟೆಯನ್ನು ಸಿ3ಕ್ಕೆ ತಂದರೆ ಬಿಳಿ ಕೆಟ್ಟಿತು: ಒಂಟೆ ಬಿ4, ರಾಣಿ ಡಿ2, ಸಿ3ರಲ್ಲಿ ಒಂಟೆಗಳ ವಿನಿಮಯ, ಎಂಟನೆಯ ನಡೆಗೆ ಸಿ1ರಲ್ಲಿ ಚೆಕ್‌ಮೇಟ್.

ಒಂಟೆಯ ಬದಲು ಕುದುರೆ ಸಿ3ಕ್ಕೆ ಬಂದರೆ ದಾವೆಯೇ ವಜಾ. ಒಂಟೆ ಬಿ4, ಆನೆ ಬಿ1, ರಾಣಿ ಎ3, ಆನೆ ಬಿ3. ಕಪ್ಪು ರಾಣಿಗೆ ಓಟವೇ ಕೆಲಸ. ಎದುರಾಳಿಯ ಅಜ್ಞಾನವೊಂದನ್ನೇ ನಂಬಿದ ರಕ್ಷಣೆಯಿದು. ಬಲಿಯಲ್ಲೇ ಆಸೆಯುಳ್ಳವರು ಬುಡಾಪೆಸ್ಟ್ ಗ್ಯಾಂಬಿಟ್ ಕಲಿಯುವುದು ಲೇಸು: ಮೊದಲು ಕುದುರೆ ಎಫ್6, ಬಿಳಿ ಸಿ4 ಆಡಿದ ಮೇಲಷ್ಟೇ ಇ5.