ಗುಡ್ಡ ಉಳಿಸುವ ಕೈ ಕೆರೆ ಕೆಡಿಸದಿರಲಿ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂಥ ಹೋಬಳಿ ಊರಿನಲ್ಲಿ, ಮನೆಯಂಗಳದ ಹೊಂಗೆ ಮರದ ಕೆಳಗೆ ಬಣ್ಣ ಮಾಸಿ ನಿಂತ ಹಳೆಯ ಮಾರುತಿ 800 ಕಾರನ್ನು ಯುವಕನೊಬ್ಬ ತನ್ನ ಕೈಯಾರೆ ಹೊಸದರಂತೆ ಮಾಡಲು ಹೊರಟನೆಂದು ಭಾವಿಸಬಹುದು. ಗ್ಯಾರೇಜಿನ ಅನುಭವ ಅವನಿಗಿಲ್ಲ. ಇರುವುದು ಉತ್ಸಾಹ ಮತ್ತು ಭಾನುವಾರಗಳು ಮಾತ್ರ. ಅವನಿಗೆ ಊರಿನಿಂದ ಎರಡು ಬಗೆಯ ಸಲಹೆ ಸಿಗುತ್ತದೆ. ‘ಹೊಗೆ ಉಗುಳುವ ಡಬ್ಬಿ, ಗುಜರಿಗೆ ಹಾಕು’ ಎನ್ನುವವರು ಕೆಲವರು. ಇವರಲ್ಲಿ ಪರಿಸರದ ಹೆಸರು ಹೇಳುವವರೂ ಉಂಟು. ‘ಅಗಲ ಟೈರು, ಕಪ್ಪು ಗಾಜು, ಗುಡುಗುವ ಸೈಲೆನ್ಸರ್ ಹಾಕಿಸು’ ಎನ್ನುವ ಗೆಳೆಯರು ಇನ್ನು ಕೆಲವರು. ಎರಡೂ ಸಲಹೆಗಳು ತಪ್ಪು. ಮೊದಲನೆಯದು ಗುಡ್ಡವನ್ನು ಮರೆಯುತ್ತದೆ, ಎರಡನೆಯದು ಕೆರೆಯನ್ನು ಮರೆಯುತ್ತದೆ.

ಮೊದಲು ಗುಡ್ಡದ ಮಾತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800ರ ತೂಕ ಸುಮಾರು 650 ಕಿಲೋ. ಅದರ ಬಹುಪಾಲು ಉಕ್ಕು. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಉಕ್ಕಿನ ಅದಿರು ಎಲ್ಲಿಂದ ಬರುತ್ತದೆ ಎಂಬುದನ್ನು ಬೆಟ್ಟದ ಜನರಿಗೆ ಹೇಳಿಕೊಡಬೇಕಾಗಿಲ್ಲ. ಕುದುರೆಮುಖದ ಗಣಿ ನಿಲ್ಲಬೇಕಾದರೆ ವರ್ಷಗಳ ಹೋರಾಟ ಬೇಕಾಯಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶ ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬಳ್ಳಾರಿ, ಸಂಡೂರಿನ ಬೆಟ್ಟಗಳಿಗೆ 2011ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಕರಗಿದ ಗುಡ್ಡ ಮತ್ತೆ ಬೆಳೆಯುವುದಿಲ್ಲ.

ಗುಜರಿಗೆ ಹೋದ ಉಕ್ಕು ಕರಗಿ ಮತ್ತೆ ಉಕ್ಕಾಗುತ್ತದೆ ಎಂಬ ವಾದವಿದೆ. ಅದು ನಿಜ, ಆದರೆ ಅರ್ಧ ನಿಜ. ಇಂದು ಮಾರಾಟವಾಗುವ ಹೊಸ ಕಾರುಗಳಲ್ಲಿ ಬಹಳಷ್ಟು ಒಂದು ಟನ್ನಿನ ಆಸುಪಾಸಿನವು ಅಥವಾ ಅದಕ್ಕೂ ಭಾರವಾದವು. 650 ಕಿಲೋ ಕರಗಿಸಿದರೆ ಒಂದು ಟನ್ ಬರುವುದಿಲ್ಲ. ಕೊರತೆಯ ಪಾಲನ್ನು ತುಂಬಬೇಕಾದದ್ದು ಮತ್ತೆ ಯಾವುದೋ ಗುಡ್ಡವೇ.

2021ರ ಆಗಸ್ಟಿನಲ್ಲಿ ಚಾಲನೆ ಪಡೆದ ವಾಹನ ಗುಜರಿ ನೀತಿ ಈ ಲೆಕ್ಕವನ್ನು ಕೇಳುವುದೇ ಇಲ್ಲ. ಹಳೆಯ ಸ್ವಂತ ಕಾರನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ತೋರಿಸಿ ಹೊಸ ಕಾರು ಕೊಂಡವರಿಗೆ ವಾಹನ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ನೀಡಲು ಅದು ಅವಕಾಶ ಮಾಡಿತು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ನೀತಿಯ ಅಕ್ಷರ ವಾಹನದ ಕ್ಷಮತೆಯನ್ನು ಪರೀಕ್ಷಿಸಬೇಕೆನ್ನುತ್ತದೆ. ಶುಲ್ಕ ಮಾತ್ರ ವಯಸ್ಸನ್ನು ಎಣಿಸುತ್ತದೆ. ಹಳತನ್ನು ಜೋಪಾನ ಮಾಡಿದವರಿಗೆ ದಂಡ, ಹೊಸತನ್ನು ಕೊಂಡವರಿಗೆ ಬಹುಮಾನ. ಇದು ಪರಿಸರ ನೀತಿಯೋ ಮಾರಾಟದ ನೀತಿಯೋ?

ಹಾಗೆಂದು ಹಳೆಯ ಕಾರಿನ ಮೋಹಕ್ಕೆ ಪರಿಸರದ ಪಟ್ಟ ಕಟ್ಟಲಾಗದು. 2020ರ ಬಿಎಸ್-6 ಮಾನದಂಡದ ಕಾರಿಗಿಂತ ಹಳೆಯ ಕಾರ್ಬ್ಯುರೇಟರ್ ಕಾರು ಪ್ರತಿ ಕಿಲೋಮೀಟರಿಗೆ ಹೆಚ್ಚು ವಿಷ ಉಗುಳುತ್ತದೆ. ವಾರಕ್ಕೊಮ್ಮೆ ಮಾಗಡಿ ಸಂತೆಗೆ ಹೋಗಿ ಬರುವ ಕಾರಿನ ಲೆಕ್ಕ ಬೇರೆ, ದಿನವೂ ಬೆಂಗಳೂರಿಗೆ ಓಡುವ ಕಾರಿನ ಲೆಕ್ಕ ಬೇರೆ. ಹೊಗೆ ತಪಾಸಣೆಯಲ್ಲಿ ಸೋತ ಕಾರಿಗೆ ಎಷ್ಟು ಹೊಳಪು ಕೊಟ್ಟರೂ ಅದು ಸೋತ ಕಾರೇ. ಆದ್ದರಿಂದ ಬ್ರೇಕು, ಎಂಜಿನ್, ಹೊಗೆ ಇವು ಮೊದಲು, ಬಣ್ಣ ಆಮೇಲೆ.

ಇನ್ನು ಕೆರೆಯ ಮಾತು. ಬಣ್ಣವೆಂದರೆ ಬರಿಯ ಅಂದವಲ್ಲ, ತಗಡಿಗೆ ತುಕ್ಕು ಹಿಡಿಯದಂತೆ ತಡೆಯುವ ಕವಚ. ಆ ಕವಚವನ್ನು ಸರಿಪಡಿಸುವುದು ದುರಸ್ತಿ. ದುರಸ್ತಿಗೆ ಎಲ್ಲವನ್ನೂ ಕೆರೆದು ಹಾಕಬೇಕಿಲ್ಲವೆಂಬುದನ್ನು ಹೊಸಬರು ತಿಳಿಯಬೇಕು. ಬಿಸಿಲಿಗೆ ಮಾಸಿದ ಹಳೆಯ ಸಾದಾ ಬಣ್ಣದಲ್ಲಿ ಕೆಟ್ಟಿರುವುದು ಬಹುತೇಕ ಮೇಲಿನ ತೆಳುಪದರ ಮಾತ್ರ. ಸಾಬೂನು ನೀರಿನಲ್ಲಿ ತೊಳೆದು, ರಬ್ಬಿಂಗ್ ಕಾಂಪೌಂಡ್ ಹಚ್ಚಿ, ಬಟ್ಟೆಯಲ್ಲಿ ತಾಳ್ಮೆಯಿಂದ ತಿಕ್ಕಿ, ಮೇಣದ ಪಾಲಿಶ್ ಕೊಟ್ಟರೆ ಅನೇಕ ಕಾರುಗಳಿಗೆ ಹೊಸ ಬಣ್ಣವೇ ಬೇಡವಾದೀತು. ತುಕ್ಕು ಹಿಡಿದ ಕಡೆ ಮಾತ್ರ ಉಜ್ಜಿ, ತಗಡು ಕಂಡ ದಿನವೇ ಪ್ರೈಮರ್ ಹಚ್ಚಿ, ಅಷ್ಟು ಜಾಗಕ್ಕಷ್ಟೇ ಬಣ್ಣ ಕೊಡುವುದು ಸಾಕು.

ಇಷ್ಟು ಎಚ್ಚರ ಯಾಕೆ? ಬಣ್ಣದಲ್ಲಿರುವ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಗೊಳಿಸುವ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಆದರೆ ಆ ನಿಯಮ ಗೋಡೆ ಬಾಗಿಲುಗಳಿಗೆ ಹಚ್ಚುವ ಮನೆಬಳಕೆಯ ಬಣ್ಣಗಳಿಗೆ ಸಂಬಂಧಿಸಿದ್ದು. ಕಾರಿನ ಬಣ್ಣ ಕೈಗಾರಿಕಾ ಬಣ್ಣ. ಅದು ನಿಯಮದ ಹೊರಗೇ ಉಳಿಯಿತು. ಹಳೆಯ ಕೆಂಪು, ಹಳದಿ ಪದರಗಳನ್ನು ಒಣಗಿದಂತೆಯೇ ಉಜ್ಜಿದಾಗ ಏಳುವ ಧೂಳಿನಲ್ಲಿ ಸೀಸವಿರಬಹುದು. ಮಕ್ಕಳ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಧೂಳು ಅಂಗಳದಲ್ಲಿ ಆಡುವ ಮಗುವಿನ ಕೈಗೆ, ಹಸುವಿನ ಹುಲ್ಲಿಗೆ, ಕೊನೆಗೆ ಮಳೆನೀರಿನೊಂದಿಗೆ ಕೆರೆಗೆ ಇಳಿಯುತ್ತದೆ.

ಸಾಮಾನ್ಯ ಸ್ಪ್ರೇ ಗನ್ನಿನಲ್ಲಿ ಹೊಡೆದ ಬಣ್ಣದ ಅರ್ಧಕ್ಕೂ ಹೆಚ್ಚು ಪಾಲು ತಗಡಿಗೆ ಅಂಟದೆ ಗಾಳಿಯ ಪಾಲಾಗುತ್ತದೆ. ಹಾರ್ಡನರ್ ಬೆರೆಸುವ ಬಣ್ಣಗಳಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕವಿದ್ದು, ಅದು ಉಬ್ಬಸ ತರುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ ಅದನ್ನು ತಡೆಯದು. ಆ ಕೆಲಸ ಮನೆಯಂಗಳದ್ದಲ್ಲವೇ ಅಲ್ಲ. ಪಕ್ಕದ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರಂತೂ ಮಾತೇ ಬೇಡ. ಏಷ್ಯಾದ ಅತಿ ದೊಡ್ಡ ಗೂಡಿನ ಮಾರುಕಟ್ಟೆಯೆಂದು ರಾಮನಗರ ಹೆಸರಾಗಿರುವ ಈ ಸೀಮೆಯಲ್ಲಿ, ಹುಳುವಿನ ಮನೆಯೊಳಗೆ ಸೊಳ್ಳೆಬತ್ತಿಯನ್ನೂ ಒಯ್ಯಬಾರದೆಂಬುದು ಪ್ರತಿ ಗೃಹಿಣಿಗೂ ಗೊತ್ತು. ನಾಲ್ಕನೆಯ ಜ್ವರದಿಂದೆದ್ದ ಹುಳುವಿಗೆ ಥಿನ್ನರ್ ವಾಸನೆ ಬಡಿದರೆ ಆ ಮನೆಯ ತಿಂಗಳ ದುಡಿಮೆಗೆ ಹೊಣೆ ಯಾರು?

ಇದೇ ಸೀಮೆಯ ಚನ್ನಪಟ್ಟಣದಲ್ಲಿ ಬಣ್ಣದ ಇನ್ನೊಂದು ಪಾಠವಿದೆ. ಅಲ್ಲಿನ ಸಾಂಪ್ರದಾಯಿಕ ಕುಶಲಕರ್ಮಿ ಹಾಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸಿ, ಬಣ್ಣದ ಅರಗನ್ನು ಒತ್ತಿ ಹಿಡಿದು, ತಿಕ್ಕಾಟದ ಬಿಸಿಗೆ ಕರಗಿಸಿ, ಗರಿಯಿಂದ ಹೊಳಪು ಕೊಡುತ್ತಾನೆ. ಅಲ್ಲಿ ಥಿನ್ನರ್ ಇಲ್ಲ, ಗಾಳಿಗೆ ಹಾರುವ ಪಾಲಿಲ್ಲ. ಅರಗು ಕಾರಿಗೆ ಹೊಂದುವುದಿಲ್ಲ ನಿಜ. ಆದರೆ ಬೊಂಬೆ ಮಗುವಿನ ಬಾಯಿಗೆ ಹೋಗುತ್ತದೆಂಬ ಅರಿವು ಆ ಕಸುಬಿನೊಳಗೇ ಇದೆ. ‘ಈ ಬಣ್ಣ ಯಾರ ಬಾಯಿಗೆ ಹೋಗುತ್ತದೆ?’ ಎಂಬ ಪ್ರಶ್ನೆಯನ್ನು ಕಾರಿಗೆ ಬಣ್ಣ ಹಚ್ಚುವವನೂ ಕೇಳಿಕೊಳ್ಳಬೇಕು.

ಉತ್ತರ ಕಷ್ಟದ್ದಲ್ಲ. ಕಾರಿನಡಿ ಟಾರ್ಪಾಲು ಹಾಸಿ ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ಉಜ್ಜಿದರೆ ಧೂಳು ಏಳುವುದಿಲ್ಲ. ಕೆಸರನ್ನು ಚರಂಡಿಗೆ ತೊಳೆಯದೆ, ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿಡಬೇಕು. ಬ್ರಷ್ಷು ತೊಳೆದ ಥಿನ್ನರನ್ನು ಬಾಟಲಿಯಲ್ಲಿ ತಿಳಿಯಾಗಲು ಬಿಟ್ಟರೆ ಮೇಲಿನದು ಮುಂದಿನ ತೊಳೆಯುವಿಕೆಗೆ ಒದಗುತ್ತದೆ.

ಆಮೇಲೆ ಆ ಡಬ್ಬಿ ಎಲ್ಲಿಗೆ? ಇಲ್ಲಿ ತಪ್ಪು ಹುಡುಗನದಲ್ಲ, ವ್ಯವಸ್ಥೆಯದು. ಬಣ್ಣದ ಡಬ್ಬಿಯನ್ನು ಗೃಹ ಅಪಾಯಕಾರಿ ತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿಯಮಗಳೇ ಹೆಸರಿಸಿದ್ದವು. ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯಲ್ಲಿ ಘಟಕವಿದೆ; ಹಳ್ಳಿಯ ಮನೆಯ ಒಂದು ಡಬ್ಬಿಗೆ ಅಲ್ಲಿಗೆ ದಾರಿಯಿಲ್ಲ. ಅದು ಕಸದ ಆಟೋ ಏರಿ, ಸ್ವಚ್ಛ ಸಂಕೀರ್ಣದಲ್ಲಿ ಬರಿಗೈಯಲ್ಲಿ ಕಸ ವಿಂಗಡಿಸುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಮುಂದೆ ತೆರೆದುಕೊಳ್ಳುತ್ತದೆ. ಪ್ರತಿ ಗ್ರಾಮ ಪಂಚಾಯಿತಿ ಇಂಥ ತ್ಯಾಜ್ಯಕ್ಕೆ ಒಂದು ಮುಚ್ಚಿದ ಡ್ರಮ್ ಇಡಲಿ, ವರ್ಷಕ್ಕೆರಡು ಬಾರಿ ಜಿಲ್ಲಾಡಳಿತ ಅದನ್ನು ಒಯ್ಯಲಿ. ಗ್ರಾಮಸಭೆಯಲ್ಲಿ ಈ ಬೇಡಿಕೆ ಎತ್ತಲು ವಿದ್ಯಾರ್ಥಿಗಳಿಗಿಂತ ಯೋಗ್ಯರಿಲ್ಲ.

ಕೊನೆಗೆ ಸಿಂಗಾರದ ಮಾತು. ಹರಿದ ಸೀಟಿಗೆ ಊರಿನ ದರ್ಜಿಯಿಂದ ಹೊಲಿಸಿದ ಹೊದಿಕೆ ದುರಸ್ತಿಯ ಮುಂದುವರಿಕೆ. ಬಣ್ಣವನ್ನೇ ಬದಲಿಸಿದರೆ ಅದು ನೋಂದಣಿ ಪತ್ರದಲ್ಲೂ ಬದಲಾಗಬೇಕೆಂಬುದು ನೆನಪಿರಲಿ. ಆದರೆ ಸರಿಯಿದ್ದ ಚಕ್ರ ಎಸೆದು ಅಲಾಯ್ ಚಕ್ರ ಕೊಳ್ಳುವುದು ದುರಸ್ತಿಯ ವೇಷ ತೊಟ್ಟ ಕೊಳ್ಳುಬಾಕತನ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾನೂನು ಹಾಗಿರಲಿ, ಸಾವನದುರ್ಗದ ಕಾಡಿನಂಚಿನಲ್ಲಿ ಗುಡುಗುವ ಸೈಲೆನ್ಸರ್ ಯಾರಿಗೆ ಬೇಕಾಗಿದೆ?

ಹಳತನ್ನು ಎಸೆಯದೆ ಕೈಯಾರೆ ಸರಿಪಡಿಸುವ ಯುವಕನನ್ನು ಬೆಟ್ಟದ ಜನ ಗೇಲಿ ಮಾಡಬಾರದು. ಅವನು ಮಾಡುತ್ತಿರುವುದು ಅವರದೇ ಕೆಲಸ. ಆದರೆ ಅವನ ಕಾರು ಹೊಳೆಯುವ ದಿನ ಅಂಗಳದ ಮಣ್ಣು, ನೆರೆಮನೆಯ ಹುಳು, ಊರ ಕೆರೆ ಇವೆಲ್ಲ ಮೊದಲಿನಂತೆಯೇ ಇರಬೇಕು. ಆ ಕೆಲಸವನ್ನು ಮೆಚ್ಚುವ ಮುನ್ನ ಊರು ಅವನ ಅಂಗಳವನ್ನೂ ಒಮ್ಮೆ ನೋಡಲಿ.